ಅಂಡಮಾನಿಗೆ ಹೊರಡುವ ಮುನ್ನ ಪಂಚಾಂಗ ತೆರೆಯಿರಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. 2024ರಿಂದ ಊರಿನ ಅಧಿಕೃತ ಹೆಸರು ಶ್ರೀ ವಿಜಯ ಪುರಂ ಆಗಿದ್ದರೂ ಆಟೋದವರ ಬಾಯಲ್ಲಿ ಹಳೆಯ ಹೆಸರೇ ಇದೆ, ಇಲ್ಲೂ ಅದನ್ನೇ ಬಳಸುತ್ತೇವೆ. ನಮ್ಮ ಕಡೆಯವರು ಸಾಮಾನ್ಯವಾಗಿ ಮೊದಲು ಅಗ್ಗದ ಟಿಕೆಟ್ ಹುಡುಕುತ್ತಾರೆ, ಆಮೇಲೆ ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ, ಕೊನೆಗೆ ಡ್ರೈವರ್ ಹೇಳಿದ ಹೊತ್ತಿಗೆ ಕಡಲಿಗೆ ಹೋಗುತ್ತಾರೆ. ಹೀಗಾಗಿ ನೀಲ್ ದ್ವೀಪದ ಕಲ್ಲಿನ ಸೇತುವೆಯ ಬುಡ ತಲುಪುವ ಹೊತ್ತಿಗೆ ಅಲ್ಲಿ ಅಲೆ ಬಡಿಯುತ್ತಿರುತ್ತದೆ. ಸ್ನಾರ್ಕೆಲಿಂಗ್‌ಗೆ (ಮುಖವಾಡ, ಉಸಿರಿನ ಕೊಳವೆ ಹಾಕಿ ತೇಲುತ್ತ ನೀರಿನೊಳಗೆ ನೋಡುವುದಕ್ಕೆ) ಇಳಿದರೆ ನೀರು ತೊಡೆಮಟ್ಟ, ಹವಳಕ್ಕೆ ಮೊಣಕಾಲು ಉಜ್ಜಿ ರಕ್ತ. ಎರಡು ಕಡೆಯೂ ಜಾಗದಲ್ಲಿ ದೋಷವಿಲ್ಲ, ತಪ್ಪಿದ್ದು ಹೊತ್ತು.

ಈ ದ್ವೀಪಗಳಲ್ಲಿ ದಿನಚರಿ ಬರೆಯುವುದು ಉಬ್ಬರವಿಳಿತ. ಅದನ್ನು ಮೊದಲು ಓದಿಕೊಂಡು ವಿಮಾನ, ಹಡಗು, ಕೋಣೆಗಳನ್ನು ಅದಕ್ಕೆ ಹೊಂದಿಸಿದರೆ ಅಷ್ಟೇ ಖರ್ಚಿನಲ್ಲಿ ಎರಡು ಪಟ್ಟು ನೋಡಬಹುದು.

ನೀರಿನ ಲೆಕ್ಕ

ಅಂಡಮಾನ್ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇವತ್ತು ಬೆಳಗ್ಗೆ 6ಕ್ಕೆ ಇದ್ದ ಇಳಿತ ನಾಳೆ 6.50ರ ಸುಮಾರಿಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ದೊಡ್ಡದು, ಪೋರ್ಟ್ ಬ್ಲೇರ್‌ನಲ್ಲಿ ಹೆಚ್ಚುಕಡಿಮೆ ಎರಡು ಮೀಟರ್. ಅಷ್ಟಮಿಯ ಆಸುಪಾಸಿನಲ್ಲಿ ಅದು ಅರ್ಧಕ್ಕೆ ಕುಗ್ಗುತ್ತದೆ. ಅತಿ ದೊಡ್ಡ ಏರಿಳಿತ ಅಮಾವಾಸ್ಯೆಯ ದಿನವೇ ಬರುವುದಿಲ್ಲ, ಒಂದೆರಡು ದಿನ ತಡವಾಗಿ, ಪಾಡ್ಯ-ಬಿದಿಗೆಗೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ಪ್ರವಾಸಿಗಳು ಗಮನಿಸುವುದೇ ಇಲ್ಲ. ಒಂದು ಊರಿನಲ್ಲಿ ನಿರ್ದಿಷ್ಟ ತಿಥಿಯ ಉಬ್ಬರ ತಿಂಗಳು ತಿಂಗಳೂ ಹೆಚ್ಚುಕಡಿಮೆ ಒಂದೇ ಗಡಿಯಾರದ ಹೊತ್ತಿಗೆ ಬರುತ್ತದೆ. ಪೋರ್ಟ್ ಬ್ಲೇರ್ ಸುತ್ತಮುತ್ತ ಅಮಾವಾಸ್ಯೆ-ಹುಣ್ಣಿಮೆಗಳಂದು ಉಬ್ಬರ ಸಾಮಾನ್ಯವಾಗಿ ಬೆಳಗ್ಗೆ 9.30-10.30ರ ನಡುವೆ, ಇಳಿತ ನಸುಕಿನಲ್ಲಿ ಮತ್ತು ಸಂಜೆ ನಾಲ್ಕರ ಸುಮಾರಿಗೆ. ಎರಡು-ಮೂರು ದಿನ ಕಳೆದರೆ ಬೆಳಗಿನ ಇಳಿತ 5.30-6.30ಕ್ಕೆ ಜಾರುತ್ತದೆ. ಆಗಷ್ಟೇ ಬೆಳಕಾಗಿರುತ್ತದೆ, ಬಿಸಿಲಿರುವುದಿಲ್ಲ, ನೀರು ಪೂರ್ತಿ ಹಿಂದೆ ಸರಿದಿರುತ್ತದೆ. ಇಳಿತದಲ್ಲಿ ತೆರೆದುಕೊಳ್ಳುವ ಹವಳದ ಬಂಡೆಹಾಸಿನ ಮೇಲೆ ನಡೆಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಇದು ಅಂದಾಜು. ಹೊರಡುವ ವಾರ ಖಚಿತ ಕೋಷ್ಟಕ ಬೇಕೇ ಬೇಕು. ಕಡಲಿನ ಮಾಹಿತಿ ಕೊಡುವ ಸರಕಾರಿ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್‌ನ (INCOIS) ತಾಣದಲ್ಲಿ ಉಬ್ಬರವಿಳಿತದ ಮುನ್ಸೂಚನೆ, ಎತ್ತರದ ಅಲೆಗಳ ಎಚ್ಚರಿಕೆ ಎರಡೂ ಸಿಗುತ್ತವೆ. ಸರ್ವೆ ಆಫ್ ಇಂಡಿಯಾ ವರ್ಷ ವರ್ಷ ಕೋಷ್ಟಕ ಪ್ರಕಟಿಸುತ್ತದೆ. 2020ರಲ್ಲಿ ಚೆನ್ನೈಯಿಂದ ಕಡಲಡಿಯ ಕೇಬಲ್ ಬಂದ ಮೇಲೆ ಅಂಡಮಾನಿನ ಇಂಟರ್ನೆಟ್ ಸುಧಾರಿಸಿದೆ, ಆದರೂ ಕಾಡು ಮತ್ತು ದೂರದ ತೀರಗಳಲ್ಲಿ ಸಿಗ್ನಲ್ ಇರುವುದಿಲ್ಲ. ಕೋಷ್ಟಕದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ದೋಣಿಯವರ ಹತ್ತಿರ ಹಿಂದಿಯಲ್ಲಿ ಕೇಳುವುದಾದರೆ ಏರುವ ನೀರಿಗೆ ‘ಜ್ವಾರ್’, ಇಳಿಯುವ ನೀರಿಗೆ ‘ಭಾಟಾ’ ಎಂದರೆ ಸಾಕು. ನೀಲ್ ಮತ್ತು ಹ್ಯಾವ್‌ಲಾಕ್ ದ್ವೀಪಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳಿಗೂ ಇದೇ ಮಾತು.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರದವರೆಗಿನ ಆರು ಗಂಟೆಗಳಲ್ಲಿ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆ ಒಂದು ಪಾಲು, ಎರಡನೆಯದು ಎರಡು, ಮೂರು-ನಾಲ್ಕನೆಯವು ತಲಾ ಮೂರು, ಐದನೆಯದು ಎರಡು, ಆರನೆಯದು ಒಂದು. ಏರಿಕೆ 180 ಸೆಂ.ಮೀ. ಇದ್ದರೆ ಮೊದಲ ಗಂಟೆಯಲ್ಲಿ 15 ಸೆಂ.ಮೀ. ಮಾತ್ರ. ‘ಇನ್ನೂ ಪಾದವೇ ಮುಳುಗಿಲ್ಲ’ ಎಂದು ನಿಂತವರಿಗೆ ಎರಡನೆಯ ಗಂಟೆಯಲ್ಲಿ 30, ಮೂರನೆಯದರಲ್ಲಿ 45 ಸೆಂ.ಮೀ. ಸೇರುತ್ತದೆ. ಮೂರು ಗಂಟೆ ಮುಗಿಯುವಷ್ಟರಲ್ಲಿ ನೀರು ತೊಡೆಗೆ ಬಂದಿರುತ್ತದೆ, ಜೊತೆಗೆ ಸೆಳೆತವೂ ಬಲವಾಗಿರುತ್ತದೆ. ಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳುವವರು ಸಿಕ್ಕಿಹಾಕಿಕೊಳ್ಳುವುದು ಹೀಗೆ.

ತಿಥಿಗೆ ಹೊಂದಿಸಿ ಹತ್ತು ದಿನ

ಕೃಷ್ಣಪಕ್ಷದ ಏಕಾದಶಿಗೆ ಪೋರ್ಟ್ ಬ್ಲೇರ್ ತಲುಪಿ. ದ್ವಾದಶಿಯಂದು ಏರಿಳಿತ ಇನ್ನೂ ಸೌಮ್ಯ, ವಂಡೂರಿನ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಸ್ನಾರ್ಕೆಲ್ ಮೊದಲ ಸಲ ಬಾಯಿಗಿಡುವವರಿಗೆ ಇಂಥ ದಿನವೇ ಸರಿ. ತ್ರಯೋದಶಿಗೆ ಹಡಗು ಹತ್ತಿ ಹ್ಯಾವ್‌ಲಾಕ್. ಚತುರ್ದಶಿ, ಅಮಾವಾಸ್ಯೆಗಳಂದು ಬೆಳಗ್ಗೆ ಹತ್ತರ ಆಸುಪಾಸಿನ ತುಂಬಿದ ನೀರಿನಲ್ಲಿ ಸ್ನಾರ್ಕೆಲಿಂಗ್, ಕತ್ತಲಾದ ಮೇಲೆ ನೀರಿನಲ್ಲಿ ಮಿಣುಗುವ ಸೂಕ್ಷ್ಮಜೀವಿಗಳ ಬೆಳಕು. ಚಂದ್ರನಿದ್ದರೆ ಅದು ಕಾಣುವುದೇ ಇಲ್ಲ, ಅದಕ್ಕೇ ಅಮಾವಾಸ್ಯೆ. ಪಾಡ್ಯಕ್ಕೆ ನೀಲ್ ದ್ವೀಪ, ಬಿದಿಗೆ-ತದಿಗೆಗಳ ಮುಂಜಾನೆ ಬಂಡೆಹಾಸಿನ ನಡಿಗೆ. ಚೌತಿಗೆ ಪೋರ್ಟ್ ಬ್ಲೇರ್‌ಗೆ ವಾಪಸು, ಪಂಚಮಿಗೆ ವಿಮಾನ.

ಹುಣ್ಣಿಮೆಯ ಸುತ್ತ ಹೋದರೆ ನೀರಿನ ಬೆಳಕು ತಪ್ಪುತ್ತದೆ, ಉಳಿದದ್ದೆಲ್ಲ ಅದೇ ಲೆಕ್ಕ. ಐದೇ ದಿನ ರಜೆ ಇದ್ದರೆ ಹ್ಯಾವ್‌ಲಾಕ್ ಬಿಟ್ಟು ನೀಲ್ ಒಂದನ್ನೇ ಇಟ್ಟುಕೊಳ್ಳಿ. ಚಿಕ್ಕ ದ್ವೀಪ, ಸೈಕಲ್ಲಿನಲ್ಲೇ ಸುತ್ತಬಹುದು, ತೀರದಿಂದ ತೀರಕ್ಕೆ ಹತ್ತು-ಹದಿನೈದು ನಿಮಿಷ. ಇಳಿತಕ್ಕೆ ಒಂದು ತೀರ, ಉಬ್ಬರಕ್ಕೆ ಇನ್ನೊಂದು ಎಂದು ಒಂದೇ ದಿನದಲ್ಲಿ ಬದಲಿಸಿಕೊಳ್ಳುವ ಅನುಕೂಲ ಹ್ಯಾವ್‌ಲಾಕ್‌ನಲ್ಲಿ ಅಷ್ಟಿಲ್ಲ.

ತಿಂಗಳು, ಬೆಳಕು, ಹಡಗು

ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ, ಅದರ ಬೆನ್ನಿಗೇ ಈಶಾನ್ಯ ಮಳೆ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಸುರಿಯುವ ಜಾಗವಿದು. ನವೆಂಬರ್-ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಎದ್ದರೆ ಹಡಗುಗಳು ನಿಲ್ಲುತ್ತವೆ. ಕಡಲು ತಿಳಿಯಾಗಿರುವುದು ಫೆಬ್ರುವರಿಯಿಂದ ಏಪ್ರಿಲ್ ಮಧ್ಯದವರೆಗೆ. ಕ್ರಿಸ್‌ಮಸ್ ರಜೆಗೆ ಜನ ಮುಗಿಬೀಳುತ್ತಾರೆ, ನೀರಿನೊಳಗಿನ ನೋಟಕ್ಕೆ ಮಾತ್ರ ಮಾರ್ಚ್ ಎಷ್ಟೋ ಮೇಲು.

ಬೆಳಕಿನ ವಿಷಯದಲ್ಲಿ ಗಡಿಯಾರ ನಂಬಬೇಡಿ. ದ್ವೀಪಗಳು 92-93 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ, ಗಡಿಯಾರ ಮಾತ್ರ ಭಾರತದ್ದೇ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ 4.30ಕ್ಕೇ ಮಬ್ಬು. ಬೇಸಿಗೆಯಲ್ಲಿ ಬೆಳಗ್ಗೆ 5ಕ್ಕೆ ಬೆಳಗಾಗಿರುತ್ತದೆ. ಹೋಟೆಲಿನ ಎಂಟು ಗಂಟೆಯ ತಿಂಡಿಗೆ ಕಾದು ಕೂತರೆ ದಿನದ ಒಳ್ಳೆಯ ಮೂರು ಗಂಟೆ ಹೋದವು. ಹಿಂದಿನ ರಾತ್ರಿಯೇ ಬಾಳೆಹಣ್ಣು, ಬ್ರೆಡ್ಡು, ನೀರು ತುಂಬಿಟ್ಟುಕೊಂಡು 4.45ಕ್ಕೆ ಹೊರಡಿ.

ಹಡಗು ರದ್ದಾಗುವುದು ಇಲ್ಲಿ ಮಾಮೂಲು. ವಾಪಸು ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಅದೇ ದಿನ ಬೆಳಗ್ಗೆ ಹಡಗಿನಲ್ಲಿ ಬಂದು ಮಧ್ಯಾಹ್ನ ವಿಮಾನ ಹಿಡಿಯುವ ಯೋಜನೆ ಜೂಜು. ನಗದು ಸಾಕಷ್ಟಿರಲಿ, ನೀಲ್‌ನಲ್ಲಿ ಎಟಿಎಂ ನಂಬಿಕೊಂಡು ಹೋಗಬಾರದು.

ಇಳಿತದ ಹೊತ್ತಿನ ಬಂಡೆಹಾಸು

ನೀಲ್‌ನ ಲಕ್ಷ್ಮಣಪುರ-2 ತೀರದಲ್ಲಿ ಹವಳದ ಸುಣ್ಣಕಲ್ಲು ಕೊರೆದು ಆದ ಸೇತುವೆಯಿದೆ. ಹಳೆಯ ಬಂಗಾಳಿ ವಲಸಿಗರು ಅದನ್ನು ಹೌರಾ ಬ್ರಿಡ್ಜ್ ಎಂದು ಕರೆದರು. ಬಹುತೇಕರು ಅದರ ಮುಂದೆ ಫೋಟೋ ತೆಗೆದು ಹಿಂತಿರುಗುತ್ತಾರೆ. ನಿಜವಾಗಿ ನೋಡಬೇಕಾದ್ದು ಅಲ್ಲಿಗೆ ಹೋಗುವ ದಾರಿಯ ಬಂಡೆಹಾಸು ಮತ್ತು ಅದರ ಗುಂಡಿಗಳು.

ಕೋಷ್ಟಕದಲ್ಲಿ ಇಳಿತದ ಎತ್ತರ 0.5 ಮೀಟರ್‌ಗಿಂತ ಕಡಿಮೆ ಇರುವ ದಿನ ಆರಿಸಿ. 0.8 ಎಂದಿದ್ದರೆ ಹೊರ ಅಂಚು ತೆರೆದುಕೊಳ್ಳುವುದಿಲ್ಲ, ಮರಳಿನ ಪಕ್ಕದ ಗುಂಡಿಗಳಷ್ಟೇ ಸಿಗುತ್ತವೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ತೀರದಲ್ಲಿರಿ, ಹಿಂದೆ ಸರಿಯುವ ನೀರಿನ ಹಿಂದೆಯೇ ನಿಧಾನ ನಡೆಯಿರಿ. ಮೊದಲು ದೂರದ ಅಂಚು, ಆಮೇಲೆ ಹತ್ತಿರದ್ದು. ಕೋಷ್ಟಕ ಹೇಳಿದ ಇಳಿತದ ನಿಮಿಷಕ್ಕೆ ದಡದ ಕಡೆ ಮುಖ ಮಾಡಿ, ಅಲ್ಲಿಂದ ಮುಂದಿನ ಒಂದು ಗಂಟೆ ನೋಡುತ್ತ ಹಿಂತಿರುಗುವುದಕ್ಕೆ. ಇದಕ್ಕೆ ಕಾರಣವಿದೆ. ಬಂಡೆಹಾಸು ಸಮತಟ್ಟಲ್ಲ, ದಡಕ್ಕೂ ಹೊರ ಅಂಚಿಗೂ ನಡುವೆ ತಗ್ಗು ಕಾಲುವೆಗಳಿರುತ್ತವೆ. ನೀರು ಏರುವಾಗ ಮೊದಲು ತುಂಬುವುದು ನಿಮ್ಮ ಬೆನ್ನ ಹಿಂದಿನ ಆ ಕಾಲುವೆಗಳು. ಕಾಲಡಿಯ ಕಲ್ಲು ಒಣಗಿಯೇ ಇರುತ್ತದೆ, ದಾರಿ ಮುಚ್ಚಿರುತ್ತದೆ.

ಕಾಲಿಗೆ ಹವಾಯಿ ಚಪ್ಪಲಿ ಬೇಡ; ಪಾಚಿಯ ಮೇಲೆ ಜಾರುತ್ತದೆ, ಕಲ್ಲಿನ ಸಂದಿಗೆ ಸಿಕ್ಕು ಕಿತ್ತುಬರುತ್ತದೆ. ದಪ್ಪ ರಬ್ಬರ್ ಅಡಿಯ, ಬೆರಳು ಮುಚ್ಚುವ ಹಳೆಯ ಬೂಟು ಸಾಕು. ಹೆಜ್ಜೆ ಇಡಬೇಕಾದ್ದು ಮರಳಿನ ಮೇಲೆ ಅಥವಾ ಬೋಳು ಕಲ್ಲಿನ ಮೇಲೆ. ಕಂದು, ಹಸಿರು, ನೇರಳೆ ಛಾಯೆಯ, ಒತ್ತೊತ್ತಾಗಿ ಸಣ್ಣ ತೂತುಗಳಿರುವ ‘ಕಲ್ಲು’ ಜೀವಂತ ಹವಳ, ಒಂದು ತುಳಿತಕ್ಕೆ ಎಷ್ಟೋ ವರ್ಷಗಳ ಬೆಳವಣಿಗೆ ಮುರಿಯುತ್ತದೆ. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತರೆ ನಿಮ್ಮ ನೆರಳು ಗುಂಡಿಯ ಮೇಲೆ ಬಿದ್ದು ಜೀವಿಗಳು ಅಡಗುತ್ತವೆ. ಪಕ್ಕಕ್ಕೆ ನಿಂತು, ಎರಡು-ಮೂರು ನಿಮಿಷ ಅಲುಗಾಡದೆ ನೋಡಿ. ಆಗ ಮೊದಲು ಸನ್ಯಾಸಿ ಏಡಿ ಹೊರಡುತ್ತದೆ, ಆಮೇಲೆ ಸಣ್ಣ ಮೀನು, ಅದೃಷ್ಟವಿದ್ದರೆ ಕಲ್ಲಿನ ಬಣ್ಣವೇ ತಳೆದ ಆಕ್ಟೋಪಸ್. ಕಪ್ಪು ಸೌತೆಕಾಯಿಯ ಹಾಗೆ ಬಿದ್ದಿರುವುದು ಕಡಲ ಸೌತೆ. ಬಂಡೆಯಲ್ಲಿ ಹುದುಗಿ, ನೀಲಿ-ಹಸಿರು ಅಲೆಯಂಥ ತುಟಿ ತೆರೆದುಕೊಂಡಿರುವುದು ದೈತ್ಯ ಚಿಪ್ಪು. ನೆರಳು ತಾಗಿದರೆ ತಟ್ಟನೆ ಮುಚ್ಚಿಕೊಳ್ಳುತ್ತದೆ.

ಕಲ್ಲು ಮಗುಚಬೇಡಿ. ಅದರ ಅಡಿಯ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಮಗುಚಿದ್ದರೆ ಅದೇ ಮಗ್ಗುಲಿಗೆ ವಾಪಸು ಇಡಿ. ಶಂಕುವಿನಾಕಾರದ, ಕಂದು-ಬಿಳಿ ಚಿತ್ತಾರದ ಸುಂದರ ಶಂಖವನ್ನು ಕೈಯಲ್ಲಿ ಎತ್ತಲೇಬೇಡಿ. ಕೋನ್ ಶಂಖದ ಒಳಗಿನ ಹುಳು ವಿಷದ ಮುಳ್ಳು ಚುಚ್ಚುತ್ತದೆ, ದೊಡ್ಡ ಜಾತಿಗಳ ವಿಷ ಮನುಷ್ಯರನ್ನು ಕೊಲ್ಲಬಲ್ಲದು, ಅದಕ್ಕೆ ಪ್ರತಿವಿಷ ಇಲ್ಲ. ಮಕ್ಕಳಿದ್ದರೆ ಇದನ್ನು ಹೊರಡುವ ಮೊದಲೇ ಹೇಳಿ.

ಅಭ್ಯಾಸಕ್ಕೆ ಅಂಡಮಾನಿನವರೆಗೆ ಹೋಗಬೇಕಿಲ್ಲ. ಕುಮಟಾ, ಗೋಕರ್ಣದ ಕಲ್ಲುತೀರಗಳಲ್ಲಿ ಒಂದು ಅಮಾವಾಸ್ಯೆಯ ಇಳಿತ ಕಳೆದರೆ ನೀರಿನ ವೇಗ, ಜಾರುವ ಪಾಚಿ, ಕೋಷ್ಟಕ ಓದುವುದು ಎಲ್ಲ ಅಂದಾಜಾಗುತ್ತದೆ. ಹವಳ ನೋಡಲು ಮುರುಡೇಶ್ವರದಾಚೆಯ ನೇತ್ರಾಣಿಯೂ ಇದೆ, ಆದರೆ ಅಲ್ಲಿ ಅಂಡಮಾನಿನಂಥ ವಿಸ್ತಾರವಾದ ಬಂಡೆಹಾಸು ಇಲ್ಲ.

ಸ್ನಾರ್ಕೆಲಿಂಗ್: ಮುಖವಾಡದಿಂದ ಶುರು

ಬಾಡಿಗೆ ಮುಖವಾಡದಲ್ಲಿ ನೀರು ಸೋರುವುದೇ ಎಲ್ಲರ ಮೊದಲ ದೂರು. ಪಟ್ಟಿ ಹಾಕದೆ ಮುಖವಾಡವನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಅದು ನಿಮ್ಮದು, ಬಿದ್ದರೆ ಬೇರೆ ಕೇಳಿ. ಸೋರುತ್ತಿದೆಯೆಂದು ಪಟ್ಟಿ ಬಿಗಿ ಮಾಡಿದರೆ ಅಂಚು ಬಾಗಿ ಇನ್ನಷ್ಟು ಸೋರುತ್ತದೆ. ಅಂಚಿನಡಿ ಕೂದಲಿನ ಎಳೆ ಇರಬಾರದು. ಮೀಸೆ ದಪ್ಪ ಇರುವವರು ಮೂಗಿನ ಕೆಳಗೆ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಗಾಜು ಮಬ್ಬಾಗದಿರಲು ಒಳಬದಿಗೆ ಎರಡು ಹನಿ ಬೇಬಿ ಶಾಂಪೂ ಉಜ್ಜಿ, ಒಂದೇ ಸಲ ನೀರಿನಲ್ಲಿ ಅಲ್ಲಾಡಿಸಿ. ಹೊಚ್ಚ ಹೊಸ ಮುಖವಾಡವಾದರೆ ಕಾರ್ಖಾನೆಯ ಜಿಡ್ಡಿನ ಪದರ ಇರುತ್ತದೆ, ಮನೆಯಲ್ಲೇ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಉಜ್ಜಿ ತೊಳೆಯಿರಿ.

ಸೊಂಟಮಟ್ಟದ ನೀರಿನಲ್ಲಿ ಹತ್ತು ನಿಮಿಷ ಅಭ್ಯಾಸ. ಮುಖ ಮುಳುಗಿಸಿ ಬಾಯಿಯಿಂದಲೇ ಉಸಿರಾಟ, ಎಳೆಯುವುದಕ್ಕಿಂತ ಬಿಡುವುದು ದೀರ್ಘವಾಗಿರಲಿ. ಕೊಳವೆಯಲ್ಲಿ ನೀರು ಬಂದರೆ ‘ಟೂ’ ಎಂದು ಒಮ್ಮೆಲೇ ಜೋರಾಗಿ ಊದಿ ಹೊರಹಾಕಿ, ಮುಂದಿನ ಉಸಿರನ್ನು ಹುಷಾರಾಗಿ ಎಳೆಯಿರಿ. ಮುಖವಾಡದಲ್ಲಿ ನೀರು ತುಂಬಿದರೆ ಮೇಲಿನ ಅಂಚು ಹಣೆಗೆ ಒತ್ತಿ, ತಲೆ ತುಸು ಎತ್ತಿ, ಮೂಗಿನಿಂದ ಊದಿ. ಇವೆರಡು ಕೈಗೆ ಬಂದರೆ ಗಾಬರಿ ಕಡಿಮೆ. ಅಪಘಾತಗಳ ಮೂಲ ಗಾಬರಿಯೇ. ಮುಖವನ್ನೆಲ್ಲ ಮುಚ್ಚುವ ಮುಖವಾಡಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಕಳಪೆಯವುಗಳಲ್ಲಿ ಬಿಟ್ಟ ಗಾಳಿ ಒಳಗೇ ಉಳಿಯುತ್ತದೆ, ಗಾಬರಿಯಾದಾಗ ತಟ್ಟನೆ ಕಳಚಲೂ ಬರುವುದಿಲ್ಲ.

ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ಗೆ ದೋಣಿಯಲ್ಲೂ ಹೋಗಬಹುದು, ರಾಧಾನಗರದ ರಸ್ತೆಯಿಂದ ಕಾಡಿನ ಮೂಲಕ ಸುಮಾರು ಎರಡು ಕಿ.ಮೀ. ನಡೆದೂ ಹೋಗಬಹುದು. ನಡೆದರೆ ಮುಕ್ಕಾಲು ಗಂಟೆ, ಕೊನೆಯಲ್ಲಿ ಕೆಸರು. ನೀರಿಗಿಳಿಯಲು ಉಬ್ಬರಕ್ಕೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗಿನ ಅವಧಿ ಚೆನ್ನ. ನೀರು ಹವಳದ ಮೇಲೆ ಸಾಕಷ್ಟು ಎತ್ತರಕ್ಕಿರುತ್ತದೆ, ಸೆಳೆತ ನಿಂತಿರುತ್ತದೆ. ಹೊರಡುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ದಣಿದು ಮರಳುವಾಗ ಅದೇ ನಿಮ್ಮನ್ನು ತರುತ್ತದೆ. ಹವಳದಿಂದ ಕನಿಷ್ಠ ಒಂದು ಮೀಟರ್ ಮೇಲೆ ತೇಲಿ, ನಿಂತು ಕಾಲಾಡಿಸಬೇಡಿ. ಈಜಲು ಕಾಲಿಗೆ ಹಾಕುವ ರೆಕ್ಕೆಬೂಟು (ಫಿನ್) ಎಬ್ಬಿಸಿದ ಮರಳು ಹವಳದ ಮೇಲೆ ಕೂರುತ್ತದೆ. ಈಜು ಬಾರದವರು ಲೈಫ್ ಜಾಕೆಟ್ ಹಾಕಿ ಮಾರ್ಗದರ್ಶಿಯ ಟ್ಯೂಬು ಹಿಡಿದುಕೊಂಡೇ ಇರಲಿ, ಅದರಲ್ಲಿ ನಾಚಿಕೆ ಏನಿಲ್ಲ. ತೀರದಲ್ಲಿ ಸೆಳೆತ ಒಳಕ್ಕೆ ಎಳೆದರೆ ದಡಕ್ಕೆ ನೇರ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಇಪ್ಪತ್ತು-ಮೂವತ್ತು ಮೀಟರ್ ಸರಿದು ಆಮೇಲೆ ತಿರುಗಿ.

ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಈಜು ಅಂಗಿ ಉತ್ತಮ. ಹಚ್ಚಲೇಬೇಕಾದರೆ ಜಿಂಕ್ ಆಕ್ಸೈಡ್ ಇರುವುದು. ಆಕ್ಸಿಬೆನ್‌ಜೋನ್ ಇರುವ ಸನ್‌ಸ್ಕ್ರೀನಿನ ಮಾರಾಟವನ್ನು ಹವಳ ಉಳಿಸಲೆಂದೇ ಹವಾಯಿ 2021ರಿಂದ ನಿಷೇಧಿಸಿದೆ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಮಾಡುವುದಾದರೆ ವಿಮಾನಕ್ಕೂ ಅದಕ್ಕೂ ನಡುವೆ 24 ಗಂಟೆ ಇರಲಿ, ಇಲ್ಲದಿದ್ದರೆ ರಕ್ತದಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಗಟ್ಟುತ್ತದೆ.

ಪೋಸ್ಟ್‌ಕಾರ್ಡಿನ ಬಣ್ಣ ನಿರೀಕ್ಷಿಸಿ ಇಳಿದರೆ ಕೆಲವೆಡೆ ಬರೀ ಬೂದು ಬಣ್ಣ ಕಾಣುತ್ತದೆ. 2010ರ ಬೇಸಿಗೆಯಲ್ಲಿ ಕಡಲು ಅತಿಯಾಗಿ ಬಿಸಿಯಾಗಿ ಅಂಡಮಾನಿನ ಹವಳ ವ್ಯಾಪಕವಾಗಿ ಬಿಳಿಚಿತು. 2016ರಲ್ಲೂ ಬಿಸಿ ತಟ್ಟಿತು. ‘ಈಗ ಎಲ್ಲಿ ಚೆನ್ನಾಗಿದೆ’ ಎಂದು ಆ ವಾರ ಇಳಿದು ಬಂದ ಡೈವಿಂಗ್ ಮಾರ್ಗದರ್ಶಿಯನ್ನು ಕೇಳಿ. ಹಳೆಯ ವಿವರಣೆಗಳಿಗಿಂತ ಅದು ಹೆಚ್ಚು ನಂಬಬಹುದಾದ್ದು.

ವಂಡೂರಿನ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳು ಋತುವಿಗೆ ಒಂದರಂತೆ ಸರದಿಯಲ್ಲಿ ತೆರೆಯುತ್ತವೆ, ಹವಳಕ್ಕೆ ವಿರಾಮ ಸಿಗಲೆಂದು. ಅರಣ್ಯ ಇಲಾಖೆಯ ಅನುಮತಿ ಮುಂಚೆಯೇ ಮಾಡಿಸಿ, ಗುರುತಿನ ಚೀಟಿ ಜೊತೆಗಿರಲಿ. ಪ್ಲಾಸ್ಟಿಕ್ ಒಯ್ಯಬಾರದು, ಬಿಸ್ಕತ್ತಿನ ಕವರನ್ನೂ ತೆಗೆಸುತ್ತಾರೆ. ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿ ಇದ್ದರೆ ತಕರಾರಿಲ್ಲ.

ಕಾಂಡ್ಲಾ ಮತ್ತು ಮೊಸಳೆ

ಅಂಡಮಾನಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನಮ್ಮ ಅಘನಾಶಿನಿ ಅಳಿವೆಯದಕ್ಕಿಂತ ಎತ್ತರ, ದಟ್ಟ. ಬಾರಾಟಾಂಗ್‌ನ ಸುಣ್ಣಕಲ್ಲು ಗುಹೆಗೆ ಹೋಗುವ ದೋಣಿ ಅದರ ಕಿರು ಕಾಲುವೆಯೊಳಗೆ ನುಗ್ಗುತ್ತದೆ, ರಂಗತ್ ಬಳಿಯ ಧನಿ ನಾಲಾದಲ್ಲಿ ಮರದ ನಡೆದಾರಿಯಿದೆ. ಇಲ್ಲಿ ಹೊತ್ತಿನ ಲೆಕ್ಕ ತಿರುಗುಮುರುಗು: ದೋಣಿಗೆ ಉಬ್ಬರ ಬೇಕು, ಬೇರು, ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ಮೀನು ನೋಡುವವರಿಗೆ ಇಳಿತ ಬೇಕು. ನಡೆದಾರಿಯ ಮೇಲೇ ಇರಿ; ಕೆಸರಿನಲ್ಲಿ ಕಾಲು ಹೂತರೆ ಮೊಣಕಾಲಿನವರೆಗೆ ಇಳಿಯುತ್ತದೆ. ಮುರಿದ ಕೊಂಬೆಯಿಂದ ಬಿಳಿ ಹಾಲು ಸುರಿಸುವ ಒಂದು ಜಾತಿ ಇಲ್ಲಿ ಸಾಮಾನ್ಯ. ಆ ಹಾಲು ಕಣ್ಣಿಗೆ ಬಿದ್ದರೆ ಕೆಲಕಾಲ ದೃಷ್ಟಿಯೇ ಮಂಕಾಗಬಹುದು, ಸಿಡಿದರೆ ಕೂಡಲೇ ಕಾಲು ಗಂಟೆ ಸಿಹಿನೀರಿನಲ್ಲಿ ತೊಳೆದು ವೈದ್ಯರನ್ನು ಕಾಣಿ.

ಉಪ್ಪುನೀರಿನ ಮೊಸಳೆ ಇಲ್ಲಿ ನಿಜವಾದ ಅಪಾಯ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ತೊರೆ ಕಡಲು ಸೇರುವ ಜಾಗ, ಕಾಂಡ್ಲಾ ಅಂಚು, ಮುಸ್ಸಂಜೆ, ರಾತ್ರಿ, ನಸುಕು: ಇವುಗಳಲ್ಲಿ ಎರಡು ಕೂಡಿದರೆ ನೀರಿಗಿಳಿಯಬೇಡಿ. ಎಚ್ಚರಿಕೆಯ ಫಲಕ ಇದ್ದಲ್ಲಿ ಹಗಲಲ್ಲೂ ಬೇಡ. ಮೀನು ತೊಳೆದ ನೀರು, ಊಟದ ಎಂಜಲು ತೀರದಲ್ಲಿ ಚೆಲ್ಲಿದರೆ ಮೊಸಳೆಯನ್ನು ಕರೆದಂತೆಯೇ. ಅಮಾವಾಸ್ಯೆಯ ಮಿಣುಗು ಬೆಳಕು ನೋಡಲು ತೊರೆಯ ಬಾಯಿಯಿಂದ ದೂರದ ತೆರೆದ ತೀರದ ದಡದಲ್ಲೇ ನಿಲ್ಲಿ, ಇಲ್ಲವೇ ಅನುಭವಿಗಳು ನಡೆಸುವ ಕಯಾಕ್‌ನಲ್ಲಿ ಹೋಗಿ. ಟಾರ್ಚ್ ಆರಿಸಿ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ನಡುವೆ ಒಮ್ಮೆ ಫೋನ್ ನೋಡಿದರೂ ಲೆಕ್ಕ ಮತ್ತೆ ಮೊದಲಿನಿಂದ.

ಕೆಲವು ತೀರಗಳಲ್ಲಿ ಬುಡ ನೀರಿನಲ್ಲಿ ನಿಂತ ಒಣ ಮರಗಳು ಕಾಣುತ್ತವೆ. 2004ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಉತ್ತರದಲ್ಲಿ ಹವಳದ ಹಾಸೇ ಮೇಲೆದ್ದು ಒಣಗಿತು. ಪೋರ್ಟ್ ಬ್ಲೇರ್ ಬಳಿಯ ಸಿಪ್ಪಿಘಾಟ್‌ನಲ್ಲಿ ಮುಳುಗಿದ ಗದ್ದೆಗಳು ಈಗ ಹಕ್ಕಿಗಳ ಜೌಗು. ದುರ್ಬೀನು ಇದ್ದವರು ಅಲ್ಲಿ ಬೆಳಗಿನ ಒಂದು ಗಂಟೆ ಇಡಿ.

ಕಾಡಿನ ದಾರಿ

ಹಕ್ಕಿಗೆ ಚಿಡಿಯಾ ಟಾಪು, ಬೆಳಗ್ಗೆ 5ರಿಂದ 7. ಅಂಡಮಾನ್ ಕಾಜಾಣ, ಅಂಡಮಾನ್ ಮರಕುಟಿಗ, ಅಂಡಮಾನಿನ ಸರ್ಪಹದ್ದು ಬೇರೆಲ್ಲೂ ಸಿಗುವಂಥವಲ್ಲ. ಹೆಚ್ಚಿನ ಪ್ರವಾಸಿಗಳು ಅಲ್ಲಿಗೆ ಬರುವುದು ಸಂಜೆಯ ಸೂರ್ಯಾಸ್ತಕ್ಕೆ, ಆಗ ಹಕ್ಕಿಗಿಂತ ಆಟೋ ಸದ್ದೇ ಹೆಚ್ಚು.

ಚಾರಣಿಗರಿಗೆ ದಿಗ್ಲಿಪುರದ ಸ್ಯಾಡಲ್ ಪೀಕ್, 732 ಮೀಟರ್, ದ್ವೀಪಸಮೂಹದ ಅತಿ ಎತ್ತರದ ಶಿಖರ. ಲಾಮಿಯಾ ಬೇ ಬದಿಯಿಂದ ಒಂದು ಕಡೆಗೆ ಸುಮಾರು ಎಂಟು ಕಿ.ಮೀ.; ಮೊದಲ ಭಾಗ ಕಡಲಂಚಿನಲ್ಲಿ, ಆಮೇಲೆ ಕಡಿದಾದ ಏರು. ಕುದುರೆಮುಖ ಹತ್ತಿದವರು ‘ಇಷ್ಟೇನಾ’ ಎನ್ನಬಹುದು, ಆದರೆ ಇಲ್ಲಿ ಗಾಳಿಯಾಡುವುದಿಲ್ಲ, ಬೆವರು ಒಣಗುವುದಿಲ್ಲ, ಸೋಲಿಸುವುದು ಸೆಕೆ. ಒಬ್ಬರಿಗೆ ಮೂರು ಲೀಟರ್ ನೀರು, ಎರಡು ಪ್ಯಾಕೆಟ್ ಒಆರ್‌ಎಸ್ ಕಡ್ಡಾಯ. ಆರು ಗಂಟೆಯೊಳಗೆ ಹೊರಟು, 11ಕ್ಕೆ ಎಲ್ಲಿದ್ದರೂ ತಿರುಗುವುದೆಂದು ಮೊದಲೇ ತೀರ್ಮಾನಿಸಿ. ಅರಣ್ಯ ಇಲಾಖೆಯ ಅನುಮತಿ, ಸ್ಥಳೀಯ ಮಾರ್ಗದರ್ಶಿ ಎರಡೂ ಬೇಕು. ಮಳೆಯಾದ ಮರುದಿನ ಉಂಬಳ ಹತ್ತುತ್ತವೆ, ಮಲೆನಾಡಿನವರಿಗೆ ಉಪಾಯ ಹೇಳಿಕೊಡಬೇಕಿಲ್ಲ.

ದಿಗ್ಲಿಪುರದವರೆಗೆ ಹೋದವರು ಚಳಿಗಾಲದಲ್ಲಿ ಕಾಲಿಪುರ ತೀರ ಬಿಡಬೇಡಿ, ರಾತ್ರಿ ಕಡಲಾಮೆ ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಸಿಬ್ಬಂದಿ ಜೊತೆಯಲ್ಲೇ ಹೋಗಿ, ಬಿಳಿ ಟಾರ್ಚ್, ಫ್ಲಾಶ್ ಬೇಡ. ಗುಂಡಿ ತೋಡುವಾಗ ಎದುರು ಬಂದರೆ ಆಮೆ ಮೊಟ್ಟೆಯಿಡದೆ ನೀರಿಗೆ ಮರಳುತ್ತದೆ, ಬೆನ್ನ ಹಿಂದೆ ದೂರದಲ್ಲಿ ಕೂತು ಕಾಯಬೇಕು.

ಏಟು, ಕಡಿತ, ಚುಚ್ಚು

ಹವಳದ ಗಾಯ ಚಿಕ್ಕದಾಗಿ ಕಾಣುತ್ತದೆ, ವಾರ ಕಳೆದರೂ ಮಾಯುವುದಿಲ್ಲ. ಸುಣ್ಣದ ಚೂರು ಒಳಗೇ ಉಳಿಯುವುದು ಕಾರಣ. ಕುಡಿಯುವ ನೀರು ಧಾರಾಳವಾಗಿ ಸುರಿದು, ಸೋಪು ಹಚ್ಚಿ ಮೃದುವಾಗಿ ಉಜ್ಜಿ ಚೂರು ತೆಗೆದು, ನಂಜುನಿರೋಧಕ ಹಚ್ಚಿ. ಕೆಂಪು ಹರಡಿದರೆ ಆಸ್ಪತ್ರೆ.

ಕಲ್ಲುಮೀನು ಅಥವಾ ಸಿಂಹಮೀನಿನ ಮುಳ್ಳು ಚುಚ್ಚಿದರೆ ತಡೆಯಲಾಗದ ನೋವು. ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ ಆ ಭಾಗವನ್ನು 30ರಿಂದ 90 ನಿಮಿಷ ಮುಳುಗಿಸಿ. ಬಿಸಿ ಪರೀಕ್ಷಿಸಬೇಕಾದ್ದು ಗಾಯವಾಗದ ಕೈಯಿಂದ; ನೋವಿನ ಅಂಗಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಜೆಲ್ಲಿ ಮೀನು ಸೋಕಿದರೆ ಸಮುದ್ರದ ನೀರಿನಲ್ಲೇ ತೊಳೆದು, ಎಳೆಗಳನ್ನು ಚಿಮಟಿಯಿಂದ ತೆಗೆಯಿರಿ. ಸಿಹಿನೀರು ಹಾಕಿದರೆ ಉಳಿದ ಕುಟುಕು ಕೋಶಗಳು ಸಿಡಿಯುತ್ತವೆ. ಉಸಿರಾಟ ಕಷ್ಟವಾದರೆ ಬೇರೇನನ್ನೂ ಮಾಡುತ್ತ ಕೂರದೆ ದೋಣಿ ಹೊರಡಿಸಿ.

ಕಣ್ಣಿಗೆ ಕಾಣದಷ್ಟು ಸಣ್ಣ ಸ್ಯಾಂಡ್ ಫ್ಲೈ ಕಡಿತ ಮಾತ್ರ ಎಲ್ಲರ ಪಾಲಿಗೂ ಇದೆ. ಕಡಿದಾಗ ಏನೂ ಅನ್ನಿಸುವುದಿಲ್ಲ, ಮರುದಿನದಿಂದ ವಾರವಿಡೀ ತುರಿಕೆ. ಮುಂಜಾನೆ, ಸಂಜೆ ಬರಿ ಮರಳಿನ ಮೇಲೆ ಮಲಗಬೇಡಿ, ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಬಳಿಯಿರಿ. ಕೆರೆದರೆ ಹುಣ್ಣಾಗುತ್ತದೆ.

ಮುಟ್ಟಬಾರದ್ದು, ಹೋಗಬಾರದ್ದು

ಬಾರಾಟಾಂಗ್‌ನ ರಸ್ತೆ ಜಾರವಾ ಬುಡಕಟ್ಟಿನ ಮೀಸಲು ಪ್ರದೇಶದ ನಡುವೆ ಹಾಯುತ್ತದೆ. ಜಿರ್ಕಾಟಾಂಗ್‌ನಿಂದ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ದಾರಿಯಲ್ಲಿ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. 1956ರ ಆದಿಮ ಬುಡಕಟ್ಟುಗಳ ರಕ್ಷಣಾ ನಿಯಮದಡಿ ಜೈಲು ಕೂಡ ಇದೆ. ಗುಹೆಯೊಂದಕ್ಕಾಗಿ ಆ ರಸ್ತೆಯ ದಟ್ಟಣೆಗೆ ಇನ್ನೊಂದು ಕಾರು ಸೇರಿಸಬೇಕೆ ಎಂದು ಯೋಚಿಸಿ. ‘ಜಾರವಾ ತೋರಿಸುತ್ತೇನೆ’ ಎನ್ನುವ ಡ್ರೈವರ್ ಸಿಕ್ಕರೆ ಆ ಗಾಡಿ ಬಿಡಿ. ನಿಕೋಬಾರ್ ದ್ವೀಪಗಳು ಸಾಮಾನ್ಯ ಪ್ರವಾಸಿಗರಿಗೆ ತೆರೆದಿಲ್ಲ.

ಹವಳ, ದೈತ್ಯ ಚಿಪ್ಪು, ಕಡಲ ಸೌತೆ, ಕಡಲ ಕುದುರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ದಡಕ್ಕೆ ಬಂದು ಬಿದ್ದ ಸತ್ತ ಹವಳದ ತುಂಡೂ ಇದರಿಂದ ಹೊರತಲ್ಲ, ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಸ್ಕ್ಯಾನರಿನಲ್ಲಿ ಸ್ಪಷ್ಟ ಕಾಣುತ್ತದೆ. ಖಾಲಿ ಶಂಖವೂ ಸನ್ಯಾಸಿ ಏಡಿಗೆ ಮನೆ. ಅಂಗಡಿಯಲ್ಲಿ ಕೊಂಡ ಶಂಖ-ಚಿಪ್ಪಿನ ವಸ್ತುವಾದರೆ ಬಿಲ್ಲು ಜೋಪಾನವಾಗಿಡಿ, ತಪಾಸಣೆಯಲ್ಲಿ ಕೇಳುತ್ತಾರೆ. ಮಕ್ಕಳ ಚಡ್ಡಿ ಜೇಬುಗಳನ್ನು ಹೋಟೆಲಿನಲ್ಲೇ ಒಮ್ಮೆ ಖಾಲಿ ಮಾಡಿಸಿ.